ವಾಕೂ ನಕಾ

ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ಕೂತರೆ ಮಾವನ ಎದುರು ಸೊಕ್ಕು ಮಾಡಿದಂತಾಗುತ್ತದೆ. ಮುಂದಕ್ಕೆ ಬಗ್ಗಿ ಕೂತರೆ ಹೊಟ್ಟೆ ಮೇಲಕ್ಕೆ ಒತ್ತಿ ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಈ ಎರಡರ ನಡುವೆ ಕೂರುವ ಮೂರನೆಯ ರೀತಿಯೊಂದು ಇರಲೇಬೇಕೆಂದು ಗಂಗಾ ಇಪ್ಪತ್ತಾರು ದಿನಗಳಿಂದ ಹುಡುಕುತ್ತಿದ್ದಳು. ಒಂದು ಕಾಲು ಮಡಿಚಿ ಒಂದನ್ನು ಚಾಚಿದಳು. ಎರಡನ್ನೂ ಚಾಚಿದಳು. ಅಂಗಳದ ಬೇವಿನ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ ಮಾವ ಬಾಳಾಸಾಬ ಬಾಗಿಲ ಕಡೆ ಮುಖ ತಿರುಗಿಸಿದನೆಂದು ಅನಿಸಿದ್ದೇ ಕಾಲನ್ನು ಒಳಗೆಳೆದುಕೊಂಡು, ತಲೆಯ ಮೇಲಿನ ಸೆರಗು ಸರಿಪಡಿಸಿ, ಮತ್ತೆ ಮೊರದ ಮೇಲೆ ಬಗ್ಗಿದಳು. ಮೊರದಲ್ಲಿ ಜೋಳವಿತ್ತು. ಅದರಲ್ಲಿ ಹರಳಿರಲಿಲ್ಲ, ಯಾಕೆಂದರೆ ಅದೇ ಜೋಳವನ್ನು ನಿನ್ನೆಯೂ ಆರಿಸಿದ್ದಳು. ಸೊಂಟದ ಬಲಗಡೆ, ಕೈ ಹಿಂದೆ ಮಾಡಿದರೂ ಸರಿಯಾಗಿ ಸಿಗದ ಒಂದು ಜಾಗದಲ್ಲಿ, ನೋವು ಬೆಳಗಿನಿಂದ ಎಚ್ಚರವಾಗಿತ್ತು. ಆಗೊಮ್ಮೆ ಈಗೊಮ್ಮೆ ಅದು ತೊಡೆಯೊಳಗೆ ಇಳಿದು ಕಾಲನ್ನು ಜೋಮು ಹಿಡಿಸುತ್ತಿತ್ತು. ಏಳನೇ ತಿಂಗಳಿಗೆ ಇಷ್ಟು ನೋವು ಇರಬೇಕೋ ಇರಬಾರದೋ ಆಕೆಗೆ ಗೊತ್ತಿರಲಿಲ್ಲ. ಹೋದ ಸಲದ ಬಸಿರು ಏಳನೇ ತಿಂಗಳವರೆಗೆ ಬಂದೇ ಇರಲಿಲ್ಲ.

ಅತ್ತೆ ಮಲಕವ್ವ ಹೊಲದ ಆಳುಗಳಿಗೆ ಬುತ್ತಿ ಒಯ್ದು ಬಹಳ ಹೊತ್ತಾಗಿತ್ತು. ಹೋಗುವಾಗಿನ ಹೆಜ್ಜೆ ಗಂಗಾಳ ಕಿವಿಯಲ್ಲಿ ಇನ್ನೂ ಇತ್ತು: ಒಂದು ಕಾಲು ಗಟ್ಟಿಯಾಗಿ ಊರುತ್ತದೆ, ಇನ್ನೊಂದು ನೆಲವನ್ನು ಸವರಿಕೊಂಡು ಬರುತ್ತದೆ. ಮಲಕವ್ವನಿಗೆ ಬಲ ಮೊಣಕಾಲಿನ ಬೇನೆ. ಕೂತು ಮಾಡುವ ಕೆಲಸ ಎಷ್ಟಾದರೂ ಮಾಡಿಯಾಳು, ಒಂದೇ ಸವನೆ ಎಪ್ಪತ್ತು ರೊಟ್ಟಿ ಬಡಿದಾಳು, ಆದರೆ ನಡೆಯುವುದೆಂದರೆ ಆಕೆಗಾಗದು. ಇಪ್ಪತ್ತಾರು ದಿನದ ಹಿಂದೆ ನಿಪ್ಪಾಣಿಯ ದವಾಖಾನೆಯಿಂದ ಬಂದು, ಚಪ್ಪಲಿಯನ್ನೂ ಕಳಚದೆ, ಗಂಗಾ ಹೇಳಿದ್ದಳು, "ಅಡ್ಡಾಡೂದ ಬ್ಯಾಡ ಅಂದಾರ್ರಿ ಅತ್ತಿ." ಮಲಕವ್ವ ಯಾಕೆಂದು ಕೇಳಲಿಲ್ಲ. ಮುಖವನ್ನೊಮ್ಮೆ ನೋಡಿ, ಅಂದು ಸಂಜೆಯೇ ಮನೆಯ ಕೆಲಸವನ್ನೆಲ್ಲ ಕಡುಬಿನಂತೆ ಎರಡು ಹೋಳು ಮಾಡಿದಳು. "ಕಾಲಿನ ಕೆಲಸ ನನಗ, ಕೈದು ನಿನಗ." ಹೊಲಕ್ಕೆ ಬುತ್ತಿ, ಓಣಿಯ ನಳದಿಂದ ನೀರು, ಆಡುಗಳನ್ನು ಒಡ್ಡಿನ ಮೇಲೆ ಹೊಡೆದುಕೊಂಡು ಹೋಗುವುದು, ಡೇರಿಗೆ ಹಾಲು, ಇವೆಲ್ಲ ಕಾಲಿನವು. ರೊಟ್ಟಿ, ಕಸ, ಭಾಂಡೆ ತಿಕ್ಕುವುದು, ಅರಿವೆ ಒಗೆಯುವುದು, ಎಮ್ಮೆಯ ಕೆಳಗಿನ ಹೆಂಡಿ ಬಳಿಯುವುದು, ಬೆಳ್ಳುಳ್ಳಿ ಸುಲಿಯುವುದು, ಜೋಳ ಹಸನು ಮಾಡುವುದು ಕೈಯವು. ಮಗ್ಗುಲು ಮನೆಯ ಅನುಸೂಯಾ ಒಂದು ಸಲ ಬಾಗಿಲಲ್ಲಿ ನಿಂತು, "ಹಿಂತಾ ಟೈಮದಾಗ ಸ್ವಲ್ಪ ಅಡ್ಡಾಡಿದ್ರ ಛಲೋ ಅಂತಾರಲ್ಲ ಬೇ ಮಲಕವ್ವಾ" ಎಂದದ್ದಕ್ಕೆ, "ಡಾಕ್ಟರಕಿಂತಾ ನೀ ಹೆಚ್ಚ ಕಲತೀಯೇನ? ನಿಮ್ಮ ಸೊಸಿನ ಅಡ್ಡಾಡಸು, ದಿನಾ ಹತ್ತ ಸರ್ತಿ ಪ್ಯಾಟಿಗೆ ಹೋಗ್ತಾಳು" ಎಂದು ಆಕೆಯ ಬಾಯಿ ಮುಚ್ಚಿಸಿದ್ದಳು. ಗಂಗಾಳಿಗೆ ಆಗ ಒಳಗೊಳಗೇ ಸುಖವಾಗಿತ್ತು. ನೆಲಕ್ಕೆ ಕಾಲಿಡಬೇಡ ಎಂದು ಡಾಕ್ಟರರ ಬಾಯಲ್ಲಿ ಹೇಳಿಸಿಕೊಂಡ ಸೊಸೆ ಆ ಓಣಿಯಲ್ಲಿ ಯಾರಿದ್ದರು? ಆ ಸುಖ ನಾಲ್ಕು ದಿನ ಇತ್ತು. ಐದನೆಯ ದಿನ ಅತ್ತೆ ಹೊಲದಿಂದ ಬಂದು ಹಿತ್ತಲ ಕಲ್ಲಿನ ಮೇಲೆ ಕೂತು, ಯಾರೂ ನೋಡುತ್ತಿಲ್ಲವೆಂದುಕೊಂಡು, ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು ಕೂಸನ್ನು ತೂಗಿದಂತೆ ತೂಗುತ್ತಿದ್ದುದನ್ನು ಕಂಡಳು.

ದವಾಖಾನೆಯಲ್ಲಿ ಆ ದಿನ ಬಹಳ ಮಂದಿ ಇದ್ದರು. ಗಂಡ ಭರತನಿಗೆ ಹಾಲಿನ ಟೆಂಪೊ ಬಿಟ್ಟು ಒಳಗೆ ಬರಲಾಗಲಿಲ್ಲ. "ನೀ ಹೋಗು, ಏನಂತಾರ ಕೇಳ್ಕೊಂಡ ಬಾ" ಎಂದು ಕೆಳಗೇ ನಿಂತ. ಚೀಟಿ ಕೊಡುವ ಹೆಂಗಸು ಕನ್ನಡದಲ್ಲಿ ಹೇಳಿದ ಹೆಸರನ್ನು ಮರಾಠಿಯಲ್ಲಿ ಬರೆದುಕೊಂಡು, ತಲೆ ಎತ್ತದೆ ಏನೋ ಕೇಳಿದಳು. ಗಂಗಾ ಹೌದೆನ್ನುವ ಹಾಗೆ "ಹೋಯ" ಅಂದಳು. ಆಕೆ ತಲೆ ಎತ್ತಿ ಮತ್ತೆ ಕೇಳಿದಳು. ಗಂಗಾ ಮತ್ತೆ "ಹೋಯ" ಅಂದಳು. ಬೆಂಚಿನ ಮೇಲಿದ್ದ ಇಬ್ಬರು ಹೆಂಗಸರು ನಕ್ಕರು. ಚೀಟಿಯ ಹೆಂಗಸು ಕೇಳಿದ್ದು ವಯಸ್ಸೆಷ್ಟು ಎಂದು. "ಮರಾಠೀ ಯೇತಂಯ ನಾ?" ಎಂದು ಆಕೆ ಕೇಳಿದಾಗ, ಬರುತ್ತದೆಯೇ ಎಂಬ ಆ ಒಂದು ಪ್ರಶ್ನೆ ಮಾತ್ರ ಗಂಗಾಳಿಗೆ ಪೂರ್ತಿ ತಿಳಿಯಿತು, ಅದಕ್ಕೂ "ಹೋಯ" ಅಂದಳು. ರಾಯಬಾಗದ ಆಚೆ ಹೊಳೆದಂಡೆಯ ಹಳ್ಳಿಯಿಂದ ಗಡಿಯಂಚಿನ ಈ ಭೋಜ ಗ್ರಾಮಕ್ಕೆ ಸೊಸೆಯಾಗಿ ಬಂದ ಮೂರು ವರ್ಷಗಳಿಂದ ಆಕೆ ಇದನ್ನೇ ಮಾಡಿಕೊಂಡು ಬಂದಿದ್ದಳು. ಮನೆಯಲ್ಲಿ ಆಡುವುದು ಕನ್ನಡ. ಆದರೆ ಗಡಿಯ ಆಚೆಯ ಬೀಗರು ಬಂದರೆ ಅತ್ತೆ, ಮಾವ, ಭರತ ಮೂವರೂ ಎತ್ತು ಮಗ್ಗುಲು ಬದಲಿಸಿದಷ್ಟು ಸಲೀಸಾಗಿ ಮರಾಠಿಗೆ ಹೊರಳುತ್ತಿದ್ದರು. ಗಂಗಾ ಒಲೆಯ ಮುಂದೆ ಕೂತು, ನಗುವ ಹೊತ್ತಿಗೆ ನಗುತ್ತ, ಮಾತು ನಿಂತಾಗ "ಹೋಯ" ಅನ್ನುತ್ತ, ಬರುತ್ತದೆ ಎಂಬಂತೆ ಇದ್ದುಬಿಟ್ಟಿದ್ದಳು. ಮೊದಲ ವರ್ಷವೇ ಬರುವುದಿಲ್ಲ ಎಂದಿದ್ದರೆ ಕಲಿಸುತ್ತಿದ್ದರೇನೋ. ಈಗ ಹೇಳಿದರೆ ಮೂರು ವರ್ಷ ಸುಳ್ಳು ನಕ್ಕ ಲೆಕ್ಕವಾಗುತ್ತದೆ.

ಒಳಗೆ ಸ್ನೇಹಲ ಮೇಡಂ ಹೊಟ್ಟೆ ಮುಟ್ಟಿ ನೋಡಿ, ಕೈ ತೊಳೆದುಕೊಂಡು, ಚೀಟಿ ಬರೆಯುತ್ತಲೇ ನಾಲ್ಕು ಮಾತು ಹೇಳಿದ್ದರು. ಚಿಕ್ಕ ವಯಸ್ಸಿನ ಡಾಕ್ಟರು. ದನಿ ಮೆತ್ತಗೆ, ಮಾತು ಬೇಗ. ಜಡ ಉಚಲೂ ನಕಾ. ಜಡ ಅನ್ನುವುದು ತಿಳಿಯಿತು, ಭಾರ ಎತ್ತಬಾರದು. ಡಾವ್ಯಾ ಕುಶೀವರ ಝೋಪಾ. ಆ ಮಾತಿಗೆ ಮೇಡಂ ಒಂದು ಕೈ ಕೆನ್ನೆಗಿಟ್ಟು ಎಡಕ್ಕೆ ವಾಲಿ ತೋರಿಸಿದ್ದರಿಂದ ಅದೂ ತಿಳಿಯಿತು. ವಾಕೂ ನಕಾ. ವಾಕ್ ಅನ್ನುವುದು ಯಾರಿಗೆ ಗೊತ್ತಿಲ್ಲ, ಊರಿನ ಮಾಸ್ತರರು ದಿನಾ ಬೆಳಿಗ್ಗೆ ಬೂಟು ಹಾಕಿಕೊಂಡು ವಾಕಿಂಗ್ ಹೋಗುತ್ತಾರೆ. ನಕಾ ಅಂದರೆ ಬೇಡ. ಕೊನೆಯದು, ತಾಠ ಬಸಾ. ತಾಟು, ಕೂಡು. ಹೊತ್ತಿಗೆ ಸರಿಯಾಗಿ ತಾಟಿನ ಮುಂದೆ ಕೂಡು, ಊಟ ಬಿಡಬೇಡ ಎಂದು. ಡಾಕ್ಟರು ಅನ್ನುವವರು ಊಟದ ಮಾತು ಹೇಳದೆ ಇರುತ್ತಾರೆಯೇ? "ಕಳಲಂ ನಾ?" ಎಂದು ಮೇಡಂ, ತಿಳಿಯಿತೇ ಎಂಬಂತೆ, ಮುಖ ನೋಡಿದಾಗ ಗಂಗಾ "ಹೋಯ" ಅಂದು, ಚೀಟಿ ತೆಗೆದುಕೊಂಡು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ಹೊರಗೆ ಬಂದಿದ್ದಳು. ಮತ್ತೊಮ್ಮೆ ಹೇಳ್ರಿ ಎನ್ನಬಹುದಿತ್ತು. ಆದರೆ ಆ ಮೇಡಂ ಎದುರು ತಲೆ ಎತ್ತಿ ಮಾತಾಡುವುದು ಆಕೆಯಿಂದ ಆಗುತ್ತಿರಲಿಲ್ಲ.

ಯಾಕೆಂದರೆ ಎರಡು ವರ್ಷದ ಹಿಂದೆ, ಮೊದಲ ಬಸಿರಿನ ಸಲವೂ ಇದೇ ಮೇಡಂ ಇದ್ದರು. ನಾಲ್ಕನೇ ತಿಂಗಳಲ್ಲಿ ಎಲ್ಲ ಮುಗಿದು ಹೋದ ಮಧ್ಯಾಹ್ನ, ಹಸಿರು ಪರದೆಯ ಹಿಂದೆ, ಅವರು ಗಂಗಾಳ ಕೈ ಹಿಡಿದುಕೊಂಡು ಒಂದು ಮಾತು ಹೇಳಿದ್ದರು. ಯಾತ ತುಮಚೀ ಕಸಲೀ ಚೂಕ. ಇದರಲ್ಲಿ, ನಿಮ್ಮದು, ಎಂಥಾ ತಪ್ಪು. ಆ ಮೇಡಂ ಆಡಿದ್ದರಲ್ಲಿ ಒಂದೊಂದು ಶಬ್ದವೂ ತಿಳಿದ ವಾಕ್ಯ ಅದೊಂದೇ. ಗಂಗಾ ಅದಕ್ಕೂ "ಹೋಯ" ಅಂದಿದ್ದಳು. ಮೇಡಂ ಕೈಯನ್ನು ಇನ್ನಷ್ಟು ಒತ್ತಿದ್ದರು. ಇಷ್ಟು ಮೆತ್ತಗೆ ಬೈಯುವವರನ್ನು ಆಕೆ ನೋಡಿರಲಿಲ್ಲ. ಏನು ತಪ್ಪೆಂದು ಮಾತ್ರ ಹೇಳಿರಲಿಲ್ಲ, ಅದನ್ನು ತಾನೇ ಹುಡುಕಬೇಕಿತ್ತು. ಹಿಂದಿನ ದಿನ ದಡದಡ ಅಂಗಳ ಇಳಿದದ್ದೋ? ಮಲಗಿದಲ್ಲೇ ಹೊರಳಬಾರದು, ಎದ್ದು ಕೂತು ಮಗ್ಗುಲು ಬದಲಿಸಬೇಕು ಎಂದು ಅವ್ವ ಹೇಳಿದ್ದನ್ನು ನಿದ್ದೆಗಣ್ಣಲ್ಲಿ ಮರೆತದ್ದೋ? ಹೊಟ್ಟೆ ಕಾಣುವ ಮೊದಲೇ ಕೈ ಇಟ್ಟುಕೊಂಡು ಖುಷಿಪಟ್ಟದ್ದೋ? ಆ ಮಾತನ್ನು ಆಕೆ ಯಾರಿಗೂ ಹೇಳಲಿಲ್ಲ. ಅದು ಆಕೆಯ ಬೆನ್ನಿನ ಮೇಲೆ ಕೂತಿತು. ನಡೆಯುವಾಗ ಭುಜ ಮುಂದಕ್ಕೆ ಬಂತು, ಕತ್ತು ಇಳಿಯಿತು. ಈ ಸಲ ಹೊಟ್ಟೆ ಕಾಣತೊಡಗಿದಾಗಲಂತೂ ಸೆರಗಿನೊಳಗೆ ಕದ್ದ ಸೌತೆಕಾಯಿ ಒಯ್ಯುವವಳಂತೆ ಮುದುಡಿಕೊಂಡು ಓಣಿ ದಾಟುತ್ತಿದ್ದಳು. "ಹೊಟ್ಟಿ ಮುಂದ ಮಾಡ್ಕೊಂಡ ಮೆರೀಲಿಲ್ಲ ನೋಡ ನಮ್ಮ ಸೊಸಿ" ಎಂದು ಮಲಕವ್ವ ಒಮ್ಮೆ ಯಾರಿಗೋ ಹೊಗಳಿಯೇ ಹೇಳಿದ್ದಳು.

"ರಾಮ್ ರಾಮ್, ಬಾಳಾಸಾಬ" ಎಂಬ ದೊಡ್ಡ ದನಿ ಅಂಗಳದಲ್ಲಿ ಕೇಳಿಸಿತು. ಎಮ್ಮೆಯ ವ್ಯಾಪಾರದ ಮಾತಾಡಲು ಗಡಿಯ ಆಚೆಯಿಂದ ಇವತ್ತು ಯಾರೋ ಬರುವವರಿದ್ದರು. ಮಾವ ಹಗ್ಗ ಬದಿಗಿಟ್ಟು, "ಯಾ ಯಾ ತಾತ್ಯಾಸಾಹೇಬ" ಎಂದು ಒಳಗೆ ಕರೆಯುತ್ತ ಎದ್ದದ್ದು ಕೇಳಿಸಿತು. ಮೊದಲಾಗಿದ್ದರೆ ಗಂಗಾ ಒಳಮನೆಯಲ್ಲಿ ಒಲೆಯ ಮುಂದಿರುತ್ತಿದ್ದಳು, ತಲೆಬಾಗಿಲು ಆಕೆಗೆ ಕಾಣುತ್ತಿರಲಿಲ್ಲ. ಈಗ ನಡೆಯಬಾರದವಳೆಂದು ಪಡಸಾಲೆಯಲ್ಲೇ ಠಾಣೆ ಹಾಕಿದ್ದರಿಂದ ಬಾಗಿಲು ಎದುರಿಗೇ ಇತ್ತು. ಮುತ್ತಜ್ಜನ ಕಾಲದ ಬಾಗಿಲು. ಮೇಲಿನ ತೊಲೆ ಎಷ್ಟು ತಗ್ಗೆಂದರೆ ಹೊಸಬರ ಹಣೆಗೆ ಅದು ಗುರುತು ಹಾಕದೆ ಬಿಡುತ್ತಿರಲಿಲ್ಲ. ಹೊರಗಿನ ಬೆಳಕನ್ನೆಲ್ಲ ಮುಚ್ಚಿಕೊಂಡು ಎತ್ತರದ, ಬಿಳಿ ಟೊಪ್ಪಿಗೆಯ ಮನುಷ್ಯನೊಬ್ಬ ಬಾಗಿಲಲ್ಲಿ ನಿಂತ. ಅವನ ಹಿಂದಿನಿಂದ ಮಾವನ ದನಿ ಅವಸರದಿಂದ ಕೂಗಿತು, "ವಾಕೂನ ಯಾ! ತಾತ್ಯಾ, ವಾಕೂನ, ವಾಕೂನ!"

ಆ ದೊಡ್ಡ ಮನುಷ್ಯ ಟೊಪ್ಪಿಗೆ ಹಿಡಿದುಕೊಂಡು ಸೊಂಟದಲ್ಲಿ ಬಗ್ಗಿದ. ಬಗ್ಗಿ ಒಳಗೆ ಬಂದ. ಬಂದು ನೆಟ್ಟಗಾದ.

ಗಂಗಾಳ ಕೈಯಲ್ಲಿದ್ದ ಜೋಳ ಮೊರದಲ್ಲಿ ಬಿತ್ತು. ಅವನು ಪಡಸಾಲೆಯ ಖುರ್ಚಿಯ ಮೇಲೆ ಕೂತದ್ದು, ಮಾವ ನೀರಿಗಾಗಿ ತನ್ನ ಕಡೆ ನೋಡಿದ್ದು, ತಾನು ಎದ್ದು ಹೋಗಿ ತಂಬಿಗೆ ತಂದಿಟ್ಟದ್ದು, ಇವೆಲ್ಲ ಬೇರೆ ಯಾರದೋ ಮನೆಯಲ್ಲಿ ನಡೆದಂತಿತ್ತು. ವಾಕೂನ. ವಾಕೂ. ಒಂದು ಶಬ್ದ ಬಾಗಿಲಲ್ಲಿ ಮನುಷ್ಯನಾಗಿ ಬಗ್ಗಿ ತೋರಿಸಿತ್ತು. ವಾಕೂ ನಕಾ: ಬಗ್ಗಬೇಡಿ. ನಡೆಯಬೇಡಿ ಎಂದಲ್ಲ. ಇಪ್ಪತ್ತಾರು ದಿನ ಆಕೆ ಕಸಕ್ಕೆ ಬಗ್ಗಿದ್ದಳು, ಹೆಂಡಿಗೆ ಬಗ್ಗಿದ್ದಳು, ಭಾಂಡೆಗೆ, ಅರಿವೆಗೆ, ರೊಟ್ಟಿಯ ಹಿಟ್ಟಿಗೆ, ಇಲ್ಲದ ಹರಳಿಗೆ ಬಗ್ಗಿದ್ದಳು. ಮೊಣಕಾಲು ನೋಯುವವಳು ನಡೆದಿದ್ದಳು, ಸೊಂಟ ಉಳಿಸಿಕೊಳ್ಳಬೇಕಾದವಳು ಬಗ್ಗಿದ್ದಳು. ಗಂಗಾಳಿಗೆ ಕಿವಿಯ ತುದಿ ಬಿಸಿಯಾಯಿತು. ಕೂಡಲೇ ಇನ್ನೊಂದು ನೆನಪಾಯಿತು: ನಾಳೆ ದವಾಖಾನೆಗೆ ಹೋಗಿ ತೋರಿಸಿಕೊಳ್ಳುವ ದಿನ. ಈ ಸಲ ತಾನೂ ಬರುತ್ತೇನೆಂದು ಮಲಕವ್ವ ಹೇಳಿದ್ದಾಳೆ. ಮೇಡಂ ಕೇಳುತ್ತಾರೆ, ಬಗ್ಗಿಲ್ಲ ತಾನೆ, ದಿನಾ ಅಡ್ಡಾಡುತ್ತೀರಿ ತಾನೆ? ಮಲಕವ್ವನಿಗೆ ಮರಾಠಿ ಬರುತ್ತದೆ. ಬೆಂಚಿನ ಮೇಲೆ ನಗುವ ಹೆಂಗಸರು ನಾಳೆಯೂ ಇರುತ್ತಾರೆ.

ಹೇಳದೆ ಉಳಿಯುವ ದಾರಿಯೂ ಇತ್ತು. ನಿಮ್ಮ ಮೊಣಕಾಲು ನೋಯುತ್ತದೆ, ನೀವು ಬರಬೇಡ್ರಿ ಅತ್ತಿ ಎಂದರೆ ಮುಗಿಯಿತು. ನಾಳೆ ತಾನೊಬ್ಬಳೇ ಹೋಗಿ ಬಂದು, ಇನ್ನ ಅಡ್ಡಾಡಬಹುದಂತ್ರಿ, ಬಗ್ಗೂದ ಅಷ್ಟ ಬ್ಯಾಡಂತ, ಎಂದರೆ ಡಾಕ್ಟರರೇ ಮಾತು ಬದಲಿಸಿದಂತಾಗುತ್ತದೆ. ಅತ್ತೆಯ ಕಾಲಿಗೂ ಬಿಡುಗಡೆ, ತನ್ನ ಸೊಂಟಕ್ಕೂ ಬಿಡುಗಡೆ, ಮಾನವೂ ಉಳಿಯಿತು. ಎಷ್ಟು ಚಂದದ ಸುಳ್ಳು, ಯಾರಿಗೂ ನೋವಿಲ್ಲ. ಅದನ್ನು ಆಕೆ ಮನಸ್ಸಿನೊಳಗೆ ಎರಡು ಸಲ ಆಡಿ ನೋಡಿದಳು. ಎರಡನೆಯ ಸಲ ಆಡುವಾಗ ಅದರ ನಡುವೆ ಹೆಜ್ಜೆಯ ಸಪ್ಪಳ ಬಂತು, ಒಂದು ಊರಿದ್ದು, ಒಂದು ಸವರಿದ್ದು. ಸಪ್ಪಳ ಹೊರಗಿನದಲ್ಲ, ತಲೆಯೊಳಗಿನದು. ಅತ್ತೆ ಇಷ್ಟು ಹೊತ್ತಿಗೆ ಬರಬೇಕಿತ್ತು. ಗಂಗಾ ಮೊರವನ್ನು ಬದಿಗೆ ಸರಿಸಿ, ನೆಲಕ್ಕೆ ಒಂದು ಕೈ, ಗೋಡೆಗೆ ಒಂದು ಕೈ ಕೊಟ್ಟು ಎದ್ದಳು.

"ಎಲ್ಲಿಗಿ?" ಎಂದ ಬಾಳಾಸಾಬ. ಸೊಸೆಯೊಂದಿಗೆ ನೇರ ಮಾತಾಡುವುದು ಅವನ ರೂಢಿಯಲ್ಲ, ಮಾತು ಕಂಬದ ಕಡೆ ಹೋಯಿತು.

"ಅತ್ತಿಗೆ ಎದುರ ಹೋಗಿ ಬರ್ತೀನ್ರಿ ಮಾವಾರ."

"ಅಡ್ಡಾಡಬ್ಯಾಡ ಅಂದಾರಂತಲಾ ಡಾಕ್ಟರು."

ತಾತ್ಯಾಸಾಹೇಬ ನೀರು ಕುಡಿಯುವುದನ್ನು ನಿಲ್ಲಿಸಿ ನೋಡುತ್ತಿದ್ದ. ಗಂಗಾ ಸೆರಗಿನ ಅಂಚನ್ನು ಹಿಡಿದುಕೊಂಡು, ತನಗೇ ಕೇಳಿಸದಷ್ಟು ಸಣ್ಣ ದನಿಯಲ್ಲಿ "ಅಂದಿಲ್ರಿ" ಎಂದು ಹೊರಗೆ ಬಂದಳು.

ಓಣಿ ಮುಗಿದು ಗಾಡಿದಾರಿ ಸಿಕ್ಕಿತು. ಎರಡೂ ಕಡೆ ಕಬ್ಬು ತಲೆಗಿಂತ ಎತ್ತರವಾಗಿತ್ತು, ಗಾಳಿಗೆ ಗರಿಗಳು ಒಂದಕ್ಕೊಂದು ತಾಗಿ ಯಾರೋ ಹೊಸ ಸೀರೆ ಮಡಚುತ್ತಿರುವಂತೆ ಸಪ್ಪಳ ಮಾಡುತ್ತಿದ್ದವು. ಮೊದಲ ಐವತ್ತು ಹೆಜ್ಜೆ ಕಾಲು ತನ್ನದಲ್ಲ ಅನಿಸಿತು, ಹೊಟ್ಟೆ ಮುಂದೆ ಎಳೆಯಿತು, ಸೊಂಟದ ನೋವು ಹಿಂದೆ ಎಳೆಯಿತು. ಅಭ್ಯಾಸದಂತೆ ಭುಜ ಮುಂದಕ್ಕೆ ಬಂದು ಕತ್ತು ಇಳಿದಿತ್ತು. ಇಳಿದ ಕತ್ತಿಗೆ ದಾರಿಯ ಧೂಳಿನಲ್ಲಿ ಹೆಜ್ಜೆಗುರುತು ಕಂಡಿತು: ಎಡದ್ದು ಪೂರ್ತಿ, ಬಲದ್ದು ಒಂದು ಉದ್ದನೆಯ ಗೀರು. ಅದನ್ನು ತುಳಿಯುವುದು ಬೇಡವೆನಿಸಿ ಗಂಗಾ ತಲೆ ಎತ್ತಿದಳು. ಯಾರೂ ಇರಲಿಲ್ಲ. ಹೊಳೆಯ ಕಡೆಯಿಂದ ತಂಪು ಬರುತ್ತಿತ್ತು, ಇದು ತವರಿನ ಹೊಳೆಯಲ್ಲ, ಆದರೆ ನೀರಿನ ವಾಸನೆಗೆ ಊರು ಎಲ್ಲಿಯದು? ಅಲ್ಲಿ ಹತ್ತು ವರ್ಷದವಳಿದ್ದಾಗ ಅವ್ವನ ಹಿಂದೆ ದಂಡೆ ಹತ್ತುವುದು. ಅವ್ವನ ತಲೆಯ ಮೇಲೆ ದೊಡ್ಡ ಕೊಡ, ಅದರ ಮೇಲೆ ಸಣ್ಣದು, ಇವಳ ತಲೆಯ ಮೇಲೆ ಒಂದು ಬಿಂದಿಗೆ. ತುಳುಕಿದರೆ ಅವ್ವ ಹಿಂದೆ ನೋಡದೆಯೇ ಹೇಳುತ್ತಿದ್ದಳು, "ಕಾಲ ನೋಡಬ್ಯಾಡ, ಕಾಲಿಗೆ ದಾರಿ ಗೊತ್ತೈತಿ, ನೀ ಮುಂದ ನೋಡು." ಗದ್ದ ಎತ್ತಿ, ಭುಜ ಹಿಂದೆ ಬಿಟ್ಟು, ಹೊಟ್ಟೆಯನ್ನು ಸ್ವಲ್ಪ ಒಳಗೆ ಹಿಡಿದು ನಡೆದರೆ ನೀರು ಸುಮ್ಮನಿರುತ್ತಿತ್ತು. ಗುಡಿಸಲ ಬಾಗಿಲು ಅವರದೂ ತಗ್ಗೇ. ತಲೆಯ ಮೇಲೆ ಎರಡು ಕೊಡ ಹೊತ್ತವಳು ಅದನ್ನು ಹ್ಯಾಗೆ ದಾಟುತ್ತಿದ್ದಳು? ಗಂಗಾ ದಾರಿಯ ನಡುವೆ ನಿಂತು ನೆನಪು ಮಾಡಿಕೊಂಡಳು. ಈಗ ಬೆನ್ನಲ್ಲಿ ಏನೋ ಒಂದು, ಬಹಳ ದಿನ ಮಡಚಿಟ್ಟ ಕೊಡೆಯಂತೆ, ತೊಡಕುತ್ತ ತೊಡಕುತ್ತ ಬಿಚ್ಚಿಕೊಳ್ಳುತ್ತಿತ್ತು. ನೋವು ಹೋಗಿರಲಿಲ್ಲ. ಆದರೆ ಅದು ಒಂದೇ ಜಾಗದಲ್ಲಿ ಗೂಟ ಹೊಡೆದುಕೊಂಡಿದ್ದುದು ಬಿಟ್ಟು ತನ್ನ ಜೊತೆ ನಡೆಯತೊಡಗಿತ್ತು. ಉಸಿರು ಅರ್ಧಕ್ಕೆ ನಿಲ್ಲದೆ ಕೆಳಗಿನವರೆಗೆ ಇಳಿಯಿತು.

ಕಾಲುವೆಯ ಮಗ್ಗುಲಲ್ಲಿ ಕಲ್ಲಿನ ಮೇಲೆ ಮಲಕವ್ವ ಕೂತಿದ್ದಳು. ಖಾಲಿ ಬುತ್ತಿಯ ಗಂಟು ಪಕ್ಕದಲ್ಲಿ. ಬಲಗಾಲು ಚಾಚಿ, ಮೊಣಕಾಲಿಗೆ ಎಕ್ಕೆಯ ಎಲೆ ಹಚ್ಚಿ ಒತ್ತುತ್ತಿದ್ದವಳು ಸೊಸೆಯನ್ನು ಕಂಡದ್ದೇ ಎಲೆಯನ್ನು ಕಾಲುವೆಗೆ ಎಸೆದಳು.

"ಅಯ್ಯ ಅಯ್ಯ ಅಯ್ಯ! ಯಾಕ ಬಂದಿ ಬೇ? ಯಾರಿಗೇನಾತು?"

"ಯಾರಿಗೂ ಏನೂ ಆಗಿಲ್ರಿ ಅತ್ತಿ."

"ಮತ್ತ? ಕುಂಡ್ರು, ಮೊದ್ಲ ಕುಂಡ್ರು ಇಲ್ಲಿ. ಹೆಜ್ಜಿ ಕೀಳಬ್ಯಾಡ ಅಂದಾರ ನಿನಗ, ಮೈಲ ಗಟ್ಲೆ ಮೆರವಣಿಗಿ ಬಂದಂಗ ಬಂದೀಯಲ್ಲ!"

ಗಂಗಾ ಕೂರಲಿಲ್ಲ. ಕೂತರೆ ಮತ್ತೆ ಬಗ್ಗಿಬಿಡುತ್ತೇನೆ ಎಂಬ ಹೆದರಿಕೆ. "ಅತ್ತಿ, ವಾಕೂ ನಕಾ ಅಂದ್ರ ಏನ್ರಿ?"

"ಬಗ್ಗಬ್ಯಾಡ್ರಿ ಅಂತ. ಯಾಕ, ಯಾರ ಅಂದ್ರು?"

"ಡಾಕ್ಟರು ನನಗ ಅಂದದ್ದು ಅದರಿ. ಅಡ್ಡಾಡಬ್ಯಾಡ ಅಂದಿಲ್ರಿ ಅವರು. ನಾ ವಾಕಿಂಗ್ ಬ್ಯಾಡ ಅಂದಾರ ಅಂತ ತಿಳಕೊಂಡೆ." ಇಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗೇ ಹೊರಬಂತು. "ನನಗ ಮರಾಠಿ ಬರಂಗಿಲ್ರಿ. ಬರತೈತಿ ಅಂತ ನಿಮಗ ಸುಳ್ಳ ನಕ್ಕೊಂತ ಬಂದೀನಿ."

ಮಲಕವ್ವ ಸೊಸೆಯ ಮುಖ ನೋಡಿದಳು. ಆಮೇಲೆ ತನ್ನ ಮೊಣಕಾಲು ನೋಡಿದಳು. ಕಾಲುವೆಯ ನೀರು ಎಲೆಯನ್ನು ಒಯ್ದು ದೂರದ ಹುಲ್ಲಿಗೆ ಸಿಕ್ಕಿಸಿತ್ತು. ಆ ಹೊತ್ತಿನಲ್ಲಿ ಗಂಗಾ ಬರಲಿರುವ ಎಲ್ಲ ಬೈಗುಳಗಳನ್ನೂ ಮನಸ್ಸಿನೊಳಗೇ ಮೊದಲು ಕೇಳಿಸಿಕೊಂಡಳು.

"ಇಪ್ಪತ್ತ ದಿವಸದ ಮ್ಯಾಲಾತಲ್ಲ ಬೇ" ಎಂದಳು ಮಲಕವ್ವ ಕೊನೆಗೆ, ಬೇರೆ ಯಾರದೋ ಮನೆಯ ಸುದ್ದಿ ಹೇಳಿದಂತೆ. "ಈ ಮುರಕ ಕಾಲ ಎಳಕೊಂಡ ನಾ ಊರೆಲ್ಲಾ ಅಡ್ಡಾಡೇನಿ, ನೀ ಮನ್ಯಾಗ ಕುಂತ ಹೆಂಡಿ ಬಳದಿ. ತಿರಗಾಮುರಗಾ ಆತಲ್ಲ?"

"ಹೌದ್ರಿ."

"ಆ ಅನುಸೂಯಾಗ ನಾ ಅಷ್ಟ ಬೈದೆ."

"ಹೌದ್ರಿ."

"ಬ್ಯಾರೆ ಇನ್ನೇನಂದಿದ್ರು? ಹೇಳ, ಪೂರಾ ಹೇಳ."

"ತಾಟ ಬಸಾ ಅಂದ್ರು. ಹೊತ್ತಿಗೆ ಸರಿಯಾಗಿ ತಾಟಿನ ಮುಂದ ಕುಂಡ್ರ ಅಂತಲ್ಲೇನ್ರಿ?"

ಮಲಕವ್ವನ ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಬಂತು. ಬಾಯಿಗೆ ಸೆರಗು ಒತ್ತಿಕೊಂಡಳು, ಸೆರಗು ಸಾಲದೆ ಹೋಯಿತು. "ತಾಠ! ತಾಠ ಅಂದ್ರ ನೆಟ್ಟಗ ಬೇ! ನೆಟ್ಟಗ ಕುಂಡ್ರಿ ಅಂದಾರ! ಅಯ್ಯ ನನ ಶಿವನ, ಅದಕ್ಕ ಏನು, ಸಂಜಿ ಆದ್ರ ಸಾಕು, ಹಸಿವಿರಲಿ ಬಿಡಲಿ, ತಾಟ ಹಿಡಕೊಂಡ ಕುಂಡ್ರತಿದ್ದಿ? ನಾ ಅಂದೆ, ಕೂಸ ಭಾಳ ಉಣ್ಣೂ ಪೈಕಿ ಐತಿ ಅಂತ..." ಕಣ್ಣು ಒರೆಸಿಕೊಂಡು, ಕಲ್ಲಿನ ಮೇಲೆ ಸರಿದು ಜಾಗ ಮಾಡಿ, "ಬಾ, ತಾಠ ಬಸಾ" ಎಂದಳು. ಗಂಗಾ ಕೂತಳು. ನೆಟ್ಟಗೇ ಕೂತಳು, ಪಾದ ಎರಡನ್ನೂ ನೆಲಕ್ಕೆ ಊರಿ.

"ನಾ ಅಥಣಿ ಕಡಿಯಿಂದ ಬಂದಾಕಿ" ಎಂದಳು ಮಲಕವ್ವ. "ನನಗರ ಏನ ಬರತಿತ್ತು? ನಮ್ಮತ್ತಿ ಏನೋ ಕೆಲಸ ಹೇಳಿ, ಕಳಲಂ ಕಾ, ಅಂದ್ಲು. ತಿಳೀತೇನು ಅಂತ ಕೇಳಿದ್ದದು. ನಾ ಕಳ್ಳಿ ಅಂದ್ಲು ಅಂತ ತಿಳಕೊಂಡು ಮೂರ ದಿನ ಉಣಲಿಲ್ಲ. ತವರಮನಿ ತನಕಾ ಹೋಗಿತ್ತ ಪಂಚಾಯತಿ."

ಇಬ್ಬರೂ ನಕ್ಕರು. ನಗು ಇಳಿಯುತ್ತಿದ್ದಂತೆ ಗಂಗಾಳ ಎದೆಯೊಳಗೆ ಇನ್ನೊಂದು ಮಾತು ತಾನಾಗೇ ಮೇಲೆ ಬಂತು, ಬಾವಿಯ ನೀರಿಗೆ ಒತ್ತಿ ಹಿಡಿದ ಖಾಲಿ ಕೊಡ ಕೈ ಬಿಟ್ಟೊಡನೆ ಏಳುವ ಹಾಗೆ. ಅದನ್ನು ಹಿಡಿಯಬೇಕೋ ಬಿಡಬೇಕೋ ತಿಳಿಯದೆ ಕಾಲುವೆಯ ಆಚೆಗಿನ ಬೆಳ್ಳಕ್ಕಿಯನ್ನು ನೋಡುತ್ತ, ಯಾರೋ ಬರೆದುಕೊಟ್ಟದ್ದನ್ನು ಓದುವಂತೆ ಹೇಳಿದಳು.

"ಯಾತ ತುಮಚೀ ಕಸಲೀ ಚೂಕ. ಹಂಗಂದ್ರ?"

"ಇದನ್ನ ಯಾರಂದ್ರು?"

"ಅವರ. ಆವಾಗ. ಮೊದಲ್ನೇದ್ದ ಹೋದಾಗ."

ಮಲಕವ್ವನ ನಗು ಮುಖದ ಮೇಲೇ ನಿಂತು ಆರಿತು. "ನೀ ಏನಂತ ತಿಳಕೊಂಡಿ?"

"ಎಂಥಾ ತಪ್ಪ ಮಾಡೀರಿ ಅಂತ."

"ಎರಡ ವರ್ಷ?"

ಗಂಗಾ ಬೆಳ್ಳಕ್ಕಿಯ ಮೇಲಿನ ಕಣ್ಣು ಕೀಳದೆ ತಲೆಯಾಡಿಸಿದಳು.

"ಅಲ್ಲ ಬೇ, ಹುಚ್ಚಿ" ಎಂದಳು ಮಲಕವ್ವ. ದನಿ ಬದಲಾಗಿತ್ತು. "ಇದರಾಗ ನಿಂದೆಂಥಾ ತಪ್ಪು, ಅಂತ ಅಂದದ್ದದು. ನಾವೂ ಅಂತೀವಲ್ಲ. ಕೂಸಿನ ಕೈಯಾಗಿಂದ ಹಾಲು ಚಲ್ಲಿದ್ರ, ಬಿಡವಾ, ಅದರದೆಂಥಾ ತಪ್ಪು ಅಂತೀವಲ್ಲ, ಹಂಗ. ಅದು ಬೈಯೂದಲ್ಲ. ತಪ್ಪಿಲ್ಲ ಅಂತ ಹೇಳೂದು. ಮಾತ ಒಂದ, ರಾಗ ಬ್ಯಾರೆ."

ಹೌದು, ರಾಗ ಬೇರೆ. ಪರದೆ ಹಸಿರಾಗಿತ್ತು, ಕೈ ಬೆಚ್ಚಗಿತ್ತು, ದನಿ ಮೆತ್ತಗಿತ್ತು, ಕೊನೆಗೆ ಅದು ಸ್ವಲ್ಪ ಮೇಲೆ ಹೋಗಿತ್ತು. ಕೈಗೆ ತಿಳಿದದ್ದು ಕಿವಿಗೆ ತಿಳಿದಿರಲಿಲ್ಲ. ಗಂಗಾಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ದೊಡ್ಡ ಆಕಳಿಕೆಯೊಂದು ಬಂತು, ಅದರ ಹಿಂದೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ನೋಡಿದರೆ ಮಲಕವ್ವ ತಲೆ ತಗ್ಗಿಸಿಕೊಂಡು ಬುತ್ತಿಯ ಬಟ್ಟೆಯ ಗಂಟನ್ನು ಬಿಚ್ಚುತ್ತ, ಮತ್ತೆ ಕಟ್ಟುತ್ತ ಕೂತಿದ್ದಳು. ಭುಜ ಮುಂದಕ್ಕೆ ಬಂದಿತ್ತು, ಬೆನ್ನು ಬಿಲ್ಲಾಗಿತ್ತು. ಆ ಬಾಗನ್ನು ಗಂಗಾ ಎಲ್ಲೋ ನೋಡಿದ್ದಳು. ತನ್ನದೇ ನೆರಳಿನಲ್ಲಿ.

"ಅದರ ಹಿಂದಿನ ದಿನ ನಾ ನಿನಗ ಮೇವಿನ ಹೊರಿ ಹೊರಿಸಿದ್ದೆ" ಎಂದಳು ಮಲಕವ್ವ ಗಂಟಿಗೆ. "ನನ್ನ ಕಾಲ ನೋಯತಿತ್ತು. ನೀ ಒಯ್ಯಿ ಅಂದೆ. ನೀ ಅಡ್ಡಾಡಬ್ಯಾಡ ಅಂದಾರ ಅಂತ ಅವತ್ತ ಬಂದ ಹೇಳಿದಾಗ, ನಾ ಯಾಕ ಏನ ಅಂತ ಒಂದ ಮಾತ ಕೇಳಲಿಲ್ಲ ನೋಡು... ಕೇಳೂ ಧೈರ್ಯ ಇರಲಿಲ್ಲ ನನಗ. ಕಾಲ ಮುರದ್ರೂ ಮುರೀಲಿ, ಈ ಸರ್ತಿ ನಾನ ಅಡ್ಡಾಡತೇನಿ ಅಂದ್ಕೊಂಡೆ."

ಗಾಳಿ ನಿಂತು ಕಬ್ಬು ಸುಮ್ಮನಾಗಿತ್ತು. ಆ ಹೊರೆ ಗಂಗಾಳಿಗೆ ನೆನಪೇ ಇರಲಿಲ್ಲ. ತಪ್ಪು ಹುಡುಕುವಾಗ ಎಲ್ಲ ಮೂಲೆಯನ್ನೂ ಕೆದಕಿದ್ದಳು, ಅದು ಮಾತ್ರ ಕಂಡಿರಲಿಲ್ಲ. ಏನು ಹೇಳಬೇಕು? ಕನ್ನಡದಲ್ಲಿ ಸಿಕ್ಕಿದ ಮಾತುಗಳೆಲ್ಲ ಸಣ್ಣವಾಗಿದ್ದವು, ಅತ್ತೆಗೆ ಸೊಸೆ ಹೇಳುವಂಥವೂ ಅಲ್ಲ. ಆಕೆ ಮಲಕವ್ವನ ಕೈಯನ್ನು ಗಂಟಿನಿಂದ ಬಿಡಿಸಿ ಹಿಡಿದುಕೊಂಡಳು. ಹಿಡಿದು, ದನಿಯನ್ನು ಮೆತ್ತಗೆ ಮಾಡಿ, ಕೊನೆಗೆ ಸ್ವಲ್ಪ ಮೇಲೆ ಎತ್ತಿ, ರಾಗ ತಪ್ಪದಂತೆ ಹೇಳಿದಳು.

"ಯಾತ ತುಮಚೀ ಕಸಲೀ ಚೂಕ?"

ಮಲಕವ್ವ ಬಹಳ ಹೊತ್ತು ಕೈ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಮೂಗೊರೆಸಿಕೊಂಡು, "ಮರಾಠಿ ಬರಂಗಿಲ್ಲ ಅಂತೀ, ಛಂದ ಬರತೈತಲ್ಲ" ಎಂದಳು.

ವಾಪಸು ಬರುವಾಗ ಅವರಿಬ್ಬರ ನಡಿಗೆ ಒಂದೇ ಆಗಿತ್ತು. ಒಬ್ಬಳು ಮೊಣಕಾಲಿಗಾಗಿ, ಇನ್ನೊಬ್ಬಳು ಹೊಟ್ಟೆಗಾಗಿ ನಿಧಾನ. ಬುತ್ತಿಯ ಗಂಟನ್ನು ಗಂಗಾ ಹಟ ಹಿಡಿದು ತಗೊಂಡಿದ್ದಳು, ಜಡ ಇಲ್ರಿ ಇದು, ಖಾಲಿ ಐತಿ. ದಾರಿಯುದ್ದಕ್ಕೂ ಮಲಕವ್ವ ಕೆಲಸಗಳನ್ನು ಮತ್ತೆ ಹಂಚುತ್ತ ಬಂದಳು: ನಾಳೆಯಿಂದ ಆಡು ನಿನ್ನವು, ಒಡ್ಡಿನ ತನಕ ಅಷ್ಟ, ಹೊಡಿಯೂದೇನ ಬ್ಯಾಡ, ಅವಕ್ಕ ದಾರಿ ಗೊತ್ತೈತಿ, ಡೇರಿಗಿ ಭರತ ಒಯ್ಯಲಿ, ಗಾಡಿ ಇಟ್ಟಾನಲ್ಲ, ಹೆಂಡಿ ನಂದು, ಕಸಾ ನಂದು, ರೊಟ್ಟಿ ನಾ ಬಡೀತೀನಿ, ನೀ ನಿಂತ ಬೇಸು, ಒಲಿ ಎತ್ತರಕ್ಕ ಇಡೂಣು. ಅನುಸೂಯಾಳ ಮನೆಯ ಮುಂದೆ ಬಂದಾಗ ಮಲಕವ್ವ ನಿಂತು, ಒಳಗೆ ಕೇಳುವಷ್ಟು ಗಟ್ಟಿಯಾಗಿ, "ಅಡ್ಡಾಡಿದ್ರ ಛಲೋ ಅಂತ ಯಾರೋ ಶಾಣ್ಯಾರು ಹೇಳಿದ್ರು ನೋಡ ಗಂಗಾ" ಎಂದಳು. ಒಳಗಿನಿಂದ "ಈಗ ಬುದ್ಧಿ ಬಂತೇನ ಮುದುಕಿಗೆ" ಎಂಬ ಉತ್ತರ ಬಂತು. ಗಂಗಾ ಸೆರಗು ಸರಿಮಾಡಿಕೊಳ್ಳಲಿಲ್ಲ. ಹೊಟ್ಟೆ ಆಕೆಗಿಂತ ಒಂದು ಗೇಣು ಮುಂದೆ, ಬಿಸಿಲಿನಲ್ಲಿ, ಎಲ್ಲರಿಗೂ ಕಾಣುವಂತೆ ಹೋಗುತ್ತಿತ್ತು.

ಮನೆಯ ಬಾಗಿಲಲ್ಲಿ ಮಲಕವ್ವ ಮೊದಲು ಬಗ್ಗಿ, ಸೊಂಟ ಹಿಡಿದುಕೊಂಡು ಒಳಗೆ ಹೋದಳು. ಪಡಸಾಲೆಯಲ್ಲಿ ತಾತ್ಯಾಸಾಹೇಬ ಇನ್ನೂ ಕೂತಿದ್ದ. ಅತಿಥಿಯ ಜೊತೆ ಆಡುತ್ತಿದ್ದ ಭಾಷೆಯಲ್ಲೇ, ಬಾಗಿಲಲ್ಲಿ ನೆರಳು ಕಂಡ ರೂಢಿಗೆ, ಬಾಳಾಸಾಬ "ವಾಕೂನ..." ಎಂದ.

"ವಾಕೂ ನಕಾ!" ಎಂದು ಒಳಗಿನಿಂದ ಮಲಕವ್ವ ಚೀರಿದಳು. "ಬಗ್ಗಬ್ಯಾಡ ಅಂದಾರ ಆಕಿಗೆ!"

ಬಾಳಾಸಾಬ ಬಾಯಿ ತೆರೆದು ಬಾಗಿಲು ನೋಡಿದ, ತೊಲೆ ನೋಡಿದ, ಸೊಸೆಯನ್ನು ನೋಡಿದ. ಬಗ್ಗದೆ ಆ ಬಾಗಿಲಲ್ಲಿ ಬಂದವರು ಅವನ ವಂಶದಲ್ಲೇ ಇರಲಿಲ್ಲ. ಗಂಗಾ ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತಳು. ಅವ್ವ ಹ್ಯಾಗೆ ದಾಟುತ್ತಿದ್ದಳೆಂದು ಈಗ ಮೈಗೆ ನೆನಪಿತ್ತು. ಒಂದು ಕೈಯಿಂದ ಚೌಕಟ್ಟು ಹಿಡಿದು, ಗದ್ದ ಎತ್ತಿ, ತಲೆಯ ಮೇಲೆ ತುಂಬಿದ ಕೊಡ ಇದೆ ಎಂದುಕೊಂಡು, ಸೊಂಟವನ್ನು ಬಿಟ್ಟು ಮೊಣಕಾಲು ಎರಡನ್ನೇ ಮೆಲ್ಲಗೆ ಮಡಿಚಿದಳು. ಇಡೀ ಮೈ ನೆಟ್ಟಗೆ ಕೆಳಗಿಳಿಯಿತು. ತೊಲೆ ಆಕೆಯ ತಲೆಯ ಮೇಲೆ ನಾಲ್ಕು ಬೆರಳಷ್ಟು ಜಾಗ ಬಿಟ್ಟು ಹಿಂದಕ್ಕೆ ಸರಿಯಿತು. ಒಂದು ಹನಿಯೂ ತುಳುಕಲಿಲ್ಲ.